ಮೊದಲು ಬಂದವರು

"ನಾಲ್ಕು ಗಪ್ಪಿ ತಗೊಂಡು ಹೋಗಿ ಮೇಡಂ. ಅವು ಬದುಕಿದರೆ ಆಮೇಲೆ ನಿಯಾನ್ ಟೆಟ್ರಾ ಕೊಡ್ತೀನಿ" ಎಂದ ಮೀನಿನ ಅಂಗಡಿಯ ಹುಡುಗ. ನಾಲ್ಕು ವರ್ಷದ ಹಿಂದಿನ ಮಾತು. ಬದುಕದಿದ್ದರೆ? "ಹೋದರೆ ಹೋಗಲಿ, ಅಗ್ಗದ ಮೀನು. ಅಷ್ಟರಲ್ಲಿ ನೀರು ಹದಕ್ಕೆ ಬಂದಿರುತ್ತೆ." ಆ ಮಾತು ಆಗ ನನಗೆ ವಿಚಿತ್ರ ಅನ್ನಿಸಲಿಲ್ಲ. ಅನ್ನಿಸಲಿಲ್ಲವಲ್ಲ ಎಂಬುದೇ ಈಗ ವಿಚಿತ್ರವಾಗಿ ಕಾಣುತ್ತದೆ.

ಎರಡನೆಯ ವಾರ ಎರಡು ಗಪ್ಪಿಗಳು ನೀರಿನ ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚತೊಡಗಿದವು. ಮಾರನೆಯ ಬೆಳಿಗ್ಗೆ ತೇಲುತ್ತಿದ್ದವು. ದಾಸವಾಳದ ಬುಡದಲ್ಲಿ ಹೂತೆ. ಉಳಿದೆರಡು ಹೇಗೋ ತಡೆದುಕೊಂಡವು. ಆರು ವಾರದ ಮೇಲೆ ತಂದ ನಿಯಾನ್ ಮೀನುಗಳಿಗೆ ಏನೂ ಆಗಲಿಲ್ಲ. ಮನೆಗೆ ಬಂದವರೆಲ್ಲ, "ಎಷ್ಟು ಚೆನ್ನಾಗಿ ಸಾಕಿದ್ದೀರಿ ಟೀಚರ್!" ಎಂದು ಹೊಗಳಿದರು.

ಆಮೇಲೆ ಓದಿ ತಿಳಿದುಕೊಂಡೆ. ಮೀನು ತನ್ನ ಕಿವಿರುಗಳಿಂದ ಅಮೋನಿಯ ಬಿಡುತ್ತಿರುತ್ತದೆ. ಹೊಳೆಯಲ್ಲಾದರೆ ಹರಿವ ನೀರಿನಲ್ಲಿ ಚದುರಿಹೋಗುತ್ತದೆ. ಗಾಜಿನ ತೊಟ್ಟಿಯಲ್ಲಿ ಎಲ್ಲಿಗೆ ಹೋಗಬೇಕು? ಫಿಲ್ಟರಿನ ಸ್ಪಂಜಿನಲ್ಲಿ ನೆಲೆಸುವ ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ, ಮೀನಿನ ರಕ್ತ ಆಮ್ಲಜನಕವನ್ನು ಹೊರಲಾರದಂತೆ ಮಾಡುತ್ತದೆ. ಇನ್ನೊಂದು ಬಗೆಯ ಬ್ಯಾಕ್ಟೀರಿಯಾ ಬಂದು ಅದನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿಸಬೇಕು. ಇವೆಲ್ಲ ಬೆಳೆದು ನಿಲ್ಲಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ. ಆ ವಾರಗಳಲ್ಲಿ ನನ್ನ ಗಪ್ಪಿಗಳು ಬ್ಯಾಕ್ಟೀರಿಯಾಗಳಿಗೆ ಊಟ ಒದಗಿಸುತ್ತ, ತಾವು ಬಿಟ್ಟ ವಿಷವನ್ನೇ ಉಸಿರಾಡಿದ್ದವು. ಗೊತ್ತಿರಲಿಲ್ಲ ಎಂದು ತಪ್ಪಿಸಿಕೊಳ್ಳೋಣವೆಂದರೆ ಇದು ಹೊಸ ವಿದ್ಯೆಯೂ ಅಲ್ಲ. ರಷ್ಯದ ವಿಜ್ಞಾನಿ ವಿನೊಗ್ರಾಡ್‌ಸ್ಕಿ ಇಂಥ ಬ್ಯಾಕ್ಟೀರಿಯಾಗಳನ್ನು 1890ರ ಸುಮಾರಿಗೇ ಬೇರ್ಪಡಿಸಿ ತೋರಿಸಿದ್ದ.

ಕಳೆದ ವರ್ಷ ಎರಡನೆಯ ತೊಟ್ಟಿ ತಂದಾಗ ಮೀನು ತರಲಿಲ್ಲ. ನಲ್ಲಿ ನೀರಿನ ಕ್ಲೋರಿನ್ ತೆಗೆದು ತುಂಬಿಸಿ, ಫಿಲ್ಟರ್ ಓಡಲು ಬಿಟ್ಟು, ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕಿದೆ. ಅದು ಕೊಳೆತರೆ ಅಮೋನಿಯ ಸಿಗುತ್ತದೆ. "ಮೀನೇ ಇಲ್ಲದ ನೀರಿಗೆ ಊಟ ಹಾಕ್ತೀರಲ್ರೀ!" ಎಂದು ಪಕ್ಕದ ಮನೆಯಾಕೆ ನಕ್ಕರು. ಹಳೆಯ ತೊಟ್ಟಿಯ ಸ್ಪಂಜಿನ ಒಂದು ತುಂಡನ್ನೂ ಹೆಪ್ಪು ಹಾಕುವಂತೆ ಇದಕ್ಕೆ ಸೇರಿಸಿದೆ. (ಆ ಸ್ಪಂಜನ್ನು ನಲ್ಲಿಯ ಕೆಳಗೆ ತಿಕ್ಕಿ ತೊಳೆಯಬಾರದು, ತೊಟ್ಟಿಯಿಂದ ತೆಗೆದ ನೀರಿನಲ್ಲೇ ಅದ್ದಿ ಹಿಂಡಬೇಕು. ನಮ್ಮ ಅಡುಗೆಮನೆಯ ಮಡಿ ಇಲ್ಲಿ ನಡೆಯದು.) ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆ ಎಂದು ಪರೀಕ್ಷೆಯ ಹನಿಗಳು ತೋರಿಸಿದ ಮೇಲೆಯೇ ಮೀನು ತಂದದ್ದು. ಒಂದೂ ಸಾಯಲಿಲ್ಲ. ಆದರೆ ಸ್ಪಂಜಿಗೆ ಕತ್ತರಿ ಹಾಕುವಾಗ ಹೊಳೆದಿತ್ತು: ಈ ಹೆಪ್ಪು ಕೂಡ ಆ ಗಪ್ಪಿಗಳ ಲೆಕ್ಕದ್ದೇ.

ನಾನು ಕೆಲಸಕ್ಕೆ ಸೇರಿದ ವರ್ಷ ಐದನೆಯ ತರಗತಿ ಕೊಟ್ಟಿದ್ದರು. ಓದಲು ತಡವರಿಸುತ್ತಿದ್ದ ಒಬ್ಬ ಹುಡುಗನನ್ನು ದಿನವೂ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಉಳಿದವರು ನಗುತ್ತಿದ್ದರು; ನಾನೂ ನಗುತ್ತಿದ್ದೆ. ಮರುವರ್ಷ ಅವನು ಶಾಲೆಗೆ ಬರಲಿಲ್ಲ. ಅಂಥ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೆರಳಿಟ್ಟು ಓದಿಸಲು ಕಲಿತದ್ದು ಎಷ್ಟೋ ವರ್ಷದ ಮೇಲೆ. ಈಗ ಒಳ್ಳೆಯ ಟೀಚರ್ ಎಂಬ ಹೆಸರಿದೆ. ಖಾಲಿ ಬೆಂಚುಗಳಿಗೆ ಆರು ವಾರ ಪಾಠ ಮಾಡಿ ಟೀಚರ್ ಆಗುವ ವಿದ್ಯೆ ಇಲ್ಲ, ನಿಜ. ಬಿ.ಎಡ್. ಅಭ್ಯಾಸ ಪಾಠಗಳಿಗೂ ಯಾರದೋ ಮಕ್ಕಳೇ ಕೂತಿದ್ದರು. ಆದರೆ ನಗುವುದು ಬೇಕಿತ್ತೆ? ನನಗೆ ಅವಸರವಿತ್ತು. ತಿಂಗಳ ಪರೀಕ್ಷೆಯಲ್ಲಿ ನನ್ನ ತರಗತಿ ಮುಂದೆ ಬರಬೇಕಿತ್ತು.

ಹೋದ ತಿಂಗಳು ಬಸ್ ನಿಲ್ದಾಣದಲ್ಲಿ ಬಾಳೆಹಣ್ಣಿನ ಗಾಡಿಯವನೊಬ್ಬ ಕೈಮುಗಿದ. ಅವನೇ. ನರೆತ ಕೂದಲು. "ಇವರು ನಮ್ಮ ಟೀಚರು" ಎಂದು ಹೆಂಡತಿಗೆ ತೋರಿಸಿದ. ನಾಲ್ಕು ಹಣ್ಣು ಕಟ್ಟಿ ಕೊಟ್ಟು, ಎಷ್ಟು ಹೇಳಿದರೂ ದುಡ್ಡು ಮುಟ್ಟಲಿಲ್ಲ.

"ನಿಮ್ಮ ಮೊದಲನೇ ಕ್ಲಾಸು ನಾವೇ ಅಲ್ವಾ ಟೀಚರ್?" ಎಂದು ಅಭಿಮಾನದಿಂದ ಕೇಳಿದ.

"ಹೌದಪ್ಪ, ನೀವೇ" ಎಂದೆ.