ಬಿಚ್ಚಿ ಜೋಡಿಸಿದ ಮೇಲೆ ಒಂದು ಸುತ್ತು

ಸೈಕಲ್ಲನ್ನು ಮನಸಾರೆ ಪ್ರೀತಿಸುವ ಎಷ್ಟೋ ಮಂದಿಯ ಭಾನುವಾರ ರಸ್ತೆಯ ಮೇಲೆ ಕಳೆಯುವುದಿಲ್ಲ. ಬಾಲ್ಕನಿಯಲ್ಲೋ ಹಿತ್ತಲಲ್ಲೋ ಹಳೆಯ ಪೇಪರ್ ಹಾಸಿಕೊಂಡು ಕೂತಿರುತ್ತಾರೆ. ಚೈನು ಡೀಸೆಲ್ ಡಬ್ಬಿಯಲ್ಲಿ ನೆನೆಯುತ್ತಿರುತ್ತದೆ. ಹಬ್ಬಿನಿಂದ ತೆಗೆದ ಬಾಲ್ಸ್ ಒಂದೂ ಉರುಳಿಹೋಗದಂತೆ ತಟ್ಟೆಯಲ್ಲಿ ಜೋಪಾನವಾಗಿರುತ್ತವೆ. ಹಳೆಯ ಗ್ರೀಸ್ ಒರೆಸಿ ಹೊಸದು ತುಂಬಿ, ಕೋನ್ ಬಿಗಿಮಾಡಿ, ಚಕ್ರ ಎತ್ತಿ ತಿರುಗಿಸಿ, ಅದು ಸದ್ದಿಲ್ಲದೆ ಎಷ್ಟು ಹೊತ್ತು ಸುತ್ತುತ್ತದೆಂದು ನೋಡುತ್ತಾರೆ. ಒಳಗಿನಿಂದ ಮನೆಯವರು ಕೇಳುತ್ತಾರೆ: ‘ಬಿಚ್ಚಿದ್ದಾಯ್ತು, ಜೋಡಿಸಿದ್ದಾಯ್ತು, ಓಡಿಸೋದು ಯಾವಾಗ?’

ಪ್ರಶ್ನೆ ನ್ಯಾಯವಾದದ್ದು. ಆದರೆ ಅದಕ್ಕೆ ಉತ್ತರ ಹುಡುಕುವ ಮೊದಲು, ಬಿಚ್ಚಿ ಜೋಡಿಸುವ ಆ ಸಂತೋಷಕ್ಕೆ ಸಲ್ಲಬೇಕಾದ ಮರ್ಯಾದೆ ಸಲ್ಲಬೇಕು. ಸೈಕಲ್ ಏನನ್ನೂ ಮುಚ್ಚಿಡದ ಯಂತ್ರ. ಪೆಡಲ್ ತುಳಿದರೆ ಕ್ರ್ಯಾಂಕ್ ತಿರುಗುತ್ತದೆ, ಕ್ರ್ಯಾಂಕ್ ಚೈನನ್ನು ಎಳೆಯುತ್ತದೆ, ಚೈನು ಹಿಂದಿನ ಚಕ್ರವನ್ನು ತಿರುಗಿಸುತ್ತದೆ. ಯಾವುದರಿಂದ ಏನಾಯಿತು ಎಂಬುದು ಕಣ್ಣೆದುರೇ ಇರುತ್ತದೆ. ಇವತ್ತು ನಮ್ಮ ಮನೆಗಳಲ್ಲಿ ಹೀಗೆ ತನ್ನ ಒಳಗನ್ನು ತೋರಿಸುವ ವಸ್ತು ಕಡಿಮೆ. ಫೋನು ಕೆಟ್ಟರೆ ಏನು ಕೆಟ್ಟಿತೆಂದು ತಿಳಿಯುವುದಿಲ್ಲ. ಸೈಕಲ್ ಕೆಟ್ಟರೆ ತಿಳಿಯುತ್ತದೆ, ತಿಳಿದದ್ದನ್ನು ಸರಿಪಡಿಸಲೂ ಬರುತ್ತದೆ. 1885ರಲ್ಲಿ ಇಂಗ್ಲೆಂಡಿನ ಕೋವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ‘ರೋವರ್’ ಸೈಕಲ್ ತಂದರು. ಹೆಚ್ಚುಕಡಿಮೆ ಒಂದೇ ಅಳತೆಯ ಎರಡು ಚಕ್ರ, ಹಿಂದಿನ ಚಕ್ರಕ್ಕೆ ಚೈನು. ಮೂಲ ರಚನೆ ಇಂದಿಗೂ ಅದೇ. ಅಜ್ಜ ಬಿಚ್ಚಿದ್ದನ್ನು ಮೊಮ್ಮಗಳೂ ಬಿಚ್ಚಿ ಕೂಡಿಸಬಹುದಾದ ಯಂತ್ರಗಳು ನಮ್ಮ ಕಾಲದಲ್ಲಿ ಎಷ್ಟು ಉಳಿದಿವೆ? ದಿನವಿಡೀ ಪರದೆಯ ಮುಂದೆ ದುಡಿಯುವವರ ಬೆರಳಿಗೆ ವಾರಕ್ಕೊಮ್ಮೆ ಗ್ರೀಸ್ ಹತ್ತಿದರೆ ಅದನ್ನು ಕಾಲಹರಣ ಎನ್ನಲಾಗದು.

ಈ ಕೆಲಸದ ಸೊಗಸು ತಿಳಿಯಬೇಕಾದರೆ ಬೆಂಡ್ ತೆಗೆಯುವುದನ್ನು ಹತ್ತಿರ ಕೂತು ನೋಡಬೇಕು. ನಮ್ಮ ಊರುಗಳ ಹಳೆಯ ಕಪ್ಪು ಸೈಕಲ್ಲಿಗೆ ಸಾಮಾನ್ಯವಾಗಿ ಮುಂದಿನ ಚಕ್ರಕ್ಕೆ 32 ಕಡ್ಡಿ, ಹಿಂದಿನದಕ್ಕೆ 40. ಅರ್ಧ ಕಡ್ಡಿಗಳು ರಿಮ್ಮನ್ನು ಎಡಕ್ಕೆ ಎಳೆಯುತ್ತವೆ, ಇನ್ನರ್ಧ ಬಲಕ್ಕೆ. ಈ ಎಳೆದಾಟ ಸಮವಾದರೆ ಚಕ್ರ ನೆಟ್ಟಗೆ ಓಡುತ್ತದೆ. ರಿಮ್ಮು ಒಂದು ಕಡೆ ಬಲಕ್ಕೆ ವಾಲಿ ಬ್ರೇಕಿಗೆ ಉಜ್ಜುತ್ತಿದ್ದರೆ, ಆ ಜಾಗದ ಎಡಗಡೆಯ ಕಡ್ಡಿಯ ನಿಪ್ಪಲ್ಲನ್ನು ಕಾಲು ಸುತ್ತು ಬಿಗಿಮಾಡಬೇಕು, ಪಕ್ಕದ ಬಲಗಡೆಯದನ್ನು ಅಷ್ಟೇ ಸಡಿಲಿಸಬೇಕು. ಅವಸರಪಟ್ಟು ಅರ್ಧ ಸುತ್ತು ಹಾಕಿದರೆ ಬೆಂಡು ಇನ್ನೊಂದು ಕಡೆ ಏಳುತ್ತದೆ. ಪಳಗಿದವರು ಕಡ್ಡಿಗಳನ್ನು ಬೆರಳಿನಿಂದ ಮೀಟಿ ಕಿವಿಗೊಡುತ್ತಾರೆ. ಒಂದು ಬದಿಯ ಕಡ್ಡಿಗಳೆಲ್ಲ ಹೆಚ್ಚುಕಡಿಮೆ ಒಂದೇ ಸ್ವರ ಹೊರಡಿಸಿದರೆ ಬಿಗಿ ಸಮನಾಗಿದೆ ಎಂದು ಲೆಕ್ಕ. ಕಣ್ಣು, ಕೈ, ಕಿವಿ ಮೂರೂ ಒಂದೇ ಕಡೆ ನೆಟ್ಟಿರುವ ಇಂಥ ಹೊತ್ತು ದಿನದಲ್ಲಿ ನಮಗೆ ಬೇರೆಲ್ಲಿ ಸಿಗುತ್ತದೆ?

ಆದರೆ ಇದೇ ಚಕ್ರ ಇನ್ನೊಂದು ಪಾಠವನ್ನೂ ಹೇಳುತ್ತದೆ. ನಿಪ್ಪಲ್ ತಿರುವುವಾಗ ಕಡ್ಡಿಯೂ ತುಸು ತಿರುಚಿಕೊಳ್ಳುತ್ತದೆ. ಆ ತಿರುಚು ಕಣ್ಣಿಗೆ ಕಾಣದು, ಸ್ಟ್ಯಾಂಡಿನ ಮೇಲೆ ಗೊತ್ತೂ ಆಗದು. ಹೊಸದಾಗಿ ಕಡ್ಡಿ ಕಟ್ಟಿದ ಚಕ್ರದ ಮೇಲೆ ಸವಾರನ ಭಾರ ಬಿದ್ದು, ಕೆಳಗೆ ಬಂದ ಕಡ್ಡಿಯ ಬಿಗಿ ಒಂದು ಕ್ಷಣ ಇಳಿದಾಗ ಅದು ಟಿಣ್ ಎಂದು ಬಿಡಿಸಿಕೊಳ್ಳುತ್ತದೆ. ಮೊದಲ ಸವಾರಿಯ ಮೊದಲ ಕೆಲವು ಮಾರುಗಳಲ್ಲಿ ಇಂಥ ಟಿಣ್ ಟಿಣ್ ಕೇಳಿಸುವುದುಂಟು. ಆಮೇಲೆ ನೋಡಿದರೆ ನೆಟ್ಟಗಿದ್ದ ರಿಮ್ಮು ಕೂದಲೆಳೆಯಷ್ಟು ಆಚೀಚೆ ಆಗಿರುತ್ತದೆ. ಹಾಗಾಗಿ ಹೊಸ ಚಕ್ರವನ್ನು ಸ್ವಲ್ಪ ದೂರ ಓಡಿಸಿ ಮತ್ತೊಮ್ಮೆ ಬೆಂಡ್ ತೆಗೆಯಬೇಕು. ಕೂತಲ್ಲಿ ಮಾಡಿದ್ದು ಎಷ್ಟೇ ಚೊಕ್ಕವಾಗಿದ್ದರೂ ಕೆಲಸದ ಕೊನೆಯ ಪಾಲು ರಸ್ತೆಯದು.

ಚೈನಿನದೂ ಇದೇ ಕತೆ. ಅದರ ಒಂದು ಪಿನ್ನಿನಿಂದ ಇನ್ನೊಂದಕ್ಕೆ ಅರ್ಧ ಅಂಗುಲ. ಸವೆಯುತ್ತ ಹೋದಂತೆ ಈ ಅಂತರ ಹಿಗ್ಗುತ್ತದೆ. ಹಿಂದಿನ ಫ್ರೀವೀಲಿನ ಹಲ್ಲುಗಳೂ ಅದಕ್ಕೆ ಹೊಂದಿಕೊಂಡೇ ಸವೆಯುತ್ತವೆ. ಆ ಸವೆದ ಹಲ್ಲುಗಳ ಮೇಲೆ ಹೊಸ ಚೈನು ಹಾಕಿ ಕೈಯಲ್ಲಿ ಪೆಡಲ್ ತಿರುಗಿಸಿ ನೋಡಿ, ಒಂದು ಸದ್ದೂ ಬರುವುದಿಲ್ಲ. ಅದೇ ಸೈಕಲ್ಲನ್ನು ನಂದಿಬೆಟ್ಟದ ಏರಿನಲ್ಲಿ ಎದ್ದು ನಿಂತು ತುಳಿಯಿರಿ. ಹಲ್ಲು ಹಿಡಿಯದೆ ಚೈನು ಕಟಕ್ಕೆಂದು ಜಾರುತ್ತದೆ, ಕಾಲು ಕುಸಿಯುತ್ತದೆ. ಭಾರ ಬೀಳುವ ತನಕ ದೋಷ ಬಾಯಿ ಬಿಡಲಿಲ್ಲ. ಚರ್ಮದ ಸೀಟಿನದೂ ಹಾಗೆಯೇ. ಎಷ್ಟು ಎಣ್ಣೆ ಸವರಿದರೂ ಅದು ಒಬ್ಬರ ಮೈಗೆ ಒಗ್ಗುವುದು ಅವರೇ ಅದರ ಮೇಲೆ ಕೂತು ದೂರ ದೂರ ತುಳಿದಾಗ.

ನಮ್ಮ ಸೈಕಲ್ ಶಾಪಿನವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಊರಿನ ಯಾವ ಹಳೆಯ ಶಾಪಿಗೆ ಹೋದರೂ ನೋಡಬಹುದು: ಓವರಾಯಿಲ್ ಮುಗಿಸಿ, ಗಾಳಿ ಹೊಡೆದು, ಕೈ ಒರೆಸಿಕೊಂಡ ಮೇಲೂ ಮೇಸ್ತ್ರಿ ಸೈಕಲ್ಲನ್ನು ಕೂಡಲೇ ಕೈಗೆ ಕೊಡುವುದಿಲ್ಲ. ‘ಇರಿ ಸಾರ್, ಒಂದು ರೌಂಡ್ ಹೊಡ್ಕೊಂಡು ಬರ್ತೀನಿ’ ಎಂದು ತಾವೇ ಹತ್ತುತ್ತಾರೆ. ಬೀದಿಯ ತುದಿಯವರೆಗೆ ಹೋಗಿ, ಗಟ್ಟಿಯಾಗಿ ಒಮ್ಮೆ ಬ್ರೇಕ್ ಹಿಡಿದು, ಹ್ಯಾಂಡಲ್ ಕೈಬಿಟ್ಟು ಅದು ಯಾವ ಕಡೆ ಎಳೆಯುತ್ತದೆಂದು ನೋಡಿ ತಿರುಗಿ ಬರುತ್ತಾರೆ. ಬಂದವರು ಸೀಟಿನ ನಟ್ಟಿಗೋ ಬ್ರೇಕಿನ ಕಟ್ಟೆಗೋ ಇನ್ನೊಮ್ಮೆ ಸ್ಪ್ಯಾನರ್ ಹಾಕುತ್ತಾರೆ. ಆ ಕೊನೆಯ ಸ್ಪ್ಯಾನರ್ ತಿರುವು ಬಂದದ್ದು ಆ ಒಂದು ಸುತ್ತಿನಿಂದ.

ಈ ಒಂದು ಸುತ್ತಿನ ಬೆಲೆಯನ್ನು ಜಗತ್ತಿಗೆ ತೋರಿಸಿಕೊಟ್ಟವರು ಅಮೆರಿಕದ ಡೇಟನ್ ಊರಿನ ಇಬ್ಬರು ಸೈಕಲ್ ಅಂಗಡಿಯವರು. ವಿಲ್ಬರ್ ಮತ್ತು ಆರ್ವಿಲ್ ರೈಟ್ 1892ರಲ್ಲಿ ಅಂಗಡಿ ತೆರೆದರು, ಮುಂದೆ ತಮ್ಮದೇ ಹೆಸರಿನ ಸೈಕಲ್ಲುಗಳನ್ನೂ ಕಟ್ಟಿದರು. ಹಾರುವ ಯಂತ್ರದ ಹಿಂದೆ ಬಿದ್ದ ವಿಲ್ಬರ್ 1901ರ ಸೆಪ್ಟೆಂಬರಿನಲ್ಲಿ ಶಿಕಾಗೋದ ಎಂಜಿನಿಯರುಗಳ ಮುಂದೆ ಮಾತನಾಡಿದಾಗ ಸೈಕಲ್ಲಿನ ಉದಾಹರಣೆಯನ್ನೇ ಕೊಟ್ಟರು. ಜರ್ಮನಿಯ ಓಟೊ ಲಿಲಿಯೆಂತಾಲ್ ಐದು ವರ್ಷ ಗ್ಲೈಡರುಗಳಲ್ಲಿ ಹಾರಿದರೂ ಗಾಳಿಯಲ್ಲಿ ಇದ್ದದ್ದು ಎಲ್ಲ ಸೇರಿ ಸುಮಾರು ಐದು ಗಂಟೆ ಮಾತ್ರ. ಐದು ವರ್ಷದಲ್ಲಿ ಹತ್ತು ಹತ್ತು ಸೆಕೆಂಡಿನಂತೆ ಐದೇ ಗಂಟೆ ಸೈಕಲ್ ಹೊಡೆದವನನ್ನು ನಗರದ ಜನಜಂಗುಳಿಗೆ ಬಿಡಲು ಯಾರು ಒಪ್ಪುತ್ತಾರೆ ಎಂಬುದು ವಿಲ್ಬರ್ ವಾದ. ಅಪಾಯವೇ ಬೇಡವೆಂದರೆ ಬೇಲಿಯ ಮೇಲೆ ಕೂತು ಹಕ್ಕಿಗಳನ್ನು ನೋಡಬಹುದು, ಕಲಿಯಬೇಕೆಂದರೆ ಯಂತ್ರವನ್ನು ಏರಲೇಬೇಕು ಎಂದೂ ಅವರು ಸ್ಪಷ್ಟವಾಗಿ ಹೇಳಿದರು.

ಹಾಗೆಂದು ಆ ಅಣ್ಣತಮ್ಮಂದಿರು ಸ್ಪ್ಯಾನರ್ ಬಿಸಾಡಲಿಲ್ಲ. 1901ರ ಗ್ಲೈಡರ್ ಲೆಕ್ಕಕ್ಕೆ ತಕ್ಕಂತೆ ಏಳದೆ ನಿರಾಶೆ ತಂದಾಗ ಸೈಕಲ್ಲಿನ ಹ್ಯಾಂಡಲ್ ಮುಂದೆ ಇನ್ನೊಂದು ಚಕ್ರವನ್ನು ಅಡ್ಡಡ್ಡ ಮಲಗಿಸಿ ಕಟ್ಟಿ, ಅದಕ್ಕೆ ರೆಕ್ಕೆಯ ತುಂಡು ಸಿಕ್ಕಿಸಿ, ಡೇಟನ್ನಿನ ಬೀದಿಗಳಲ್ಲಿ ಜೋರಾಗಿ ತುಳಿದು ಗಾಳಿಯ ಒತ್ತಡವನ್ನು ಪರೀಕ್ಷಿಸಿದರು. ಆಮೇಲೆ ಅಂಗಡಿಯಲ್ಲೇ ಮರದ ಗಾಳಿಪೆಟ್ಟಿಗೆ ಮಾಡಿ ಸುಮಾರು 200 ಬಗೆಯ ರೆಕ್ಕೆಗಳನ್ನು ಅಳೆದರು. ಮರುವರ್ಷ ಮತ್ತೆ ತಾವು ಗ್ಲೈಡರ್ ಹಾರಿಸುತ್ತಿದ್ದ ಕಿಟಿ ಹಾಕ್‌ನ ಮರಳದಿಬ್ಬಗಳಿಗೆ ಹೋಗಿ ನೂರಾರು ಸಲ ಹಾರಿದರು. 1903ರ ಡಿಸೆಂಬರ್ 17ರಂದು ನೆಲ ಬಿಟ್ಟ ಅವರ ವಿಮಾನದಲ್ಲಿ ಎಂಜಿನ್ನಿನಿಂದ ಪ್ರೊಪೆಲ್ಲರುಗಳಿಗೆ ಶಕ್ತಿ ಹೋದದ್ದು ಚೈನು ಮತ್ತು ಹಲ್ಲುಚಕ್ರದ ಮೂಲಕ. ಪ್ರಶ್ನೆ ಬಯಲಿನಿಂದ ಅಂಗಡಿಗೆ ಬರುತ್ತಿತ್ತು, ಉತ್ತರ ಅಂಗಡಿಯಿಂದ ಬಯಲಿಗೆ ಹೋಗುತ್ತಿತ್ತು. ಅವರ ಗೆಲುವಿನ ಬೇರು ಈ ಹೋಗಿಬರುವಿಕೆಯಲ್ಲಿದೆ ಎಂದು ನಾನು ನಂಬುತ್ತೇನೆ.

ಸ್ಕಾಟ್ಲೆಂಡಿನ ಗ್ರೇಮ್ ಓಬ್ರಿ ನಮಗೆ ಇನ್ನೂ ಹತ್ತಿರದವರು. ತನ್ನ ಓಟದ ಸೈಕಲ್ಲನ್ನು ತಾನೇ ಕಟ್ಟಿಕೊಂಡ ಸವಾರ. ಎರಡು ಪೆಡಲುಗಳ ನಡುವಿನ ಅಂತರ ತೀರಾ ಕಿರಿದಾಗಿರಬೇಕೆಂದು ವಾಷಿಂಗ್ ಮೆಷಿನ್ನಿನ ಬೇರಿಂಗ್ ತೆಗೆದು ಹಾಕಿದ್ದರು. ಕೈಗಳನ್ನು ಎದೆಯ ಕೆಳಗೆ ಮಡಿಚಿಕೊಂಡು ಕೂರುವ ಅವರ ಭಂಗಿ ಆಗ ಯಾರೂ ಕಾಣದಂಥದ್ದು. 1993ರ ಜುಲೈ 16ರಂದು ನಾರ್ವೆಯ ಹಾಮಾರ್‌ನಲ್ಲಿ, ಒಂದು ಗಂಟೆಯಲ್ಲಿ ಅತಿ ದೂರ ಕ್ರಮಿಸುವ ವಿಶ್ವದಾಖಲೆಗೆ ಯತ್ನಿಸಿದರು. ಅಂದು ಹತ್ತಿದ್ದು ತಾನು ಕಟ್ಟಿದ ಸೈಕಲ್ಲಿನ ಮಾದರಿಯಲ್ಲೇ ಬೇರೆಯವರು ನಾಜೂಕಾಗಿ ತಯಾರಿಸಿದ ಹೊಸ ಸೈಕಲ್. ದಾಖಲೆ ಸಿಗಲಿಲ್ಲ. ಮರುದಿನ ಬೆಳಿಗ್ಗೆಯೇ, ದಣಿದ ಕಾಲುಗಳಲ್ಲಿ, ತಾನು ಕಟ್ಟಿ ತುಳಿದು ಪಳಗಿಸಿದ್ದ ಹಳೆಯದನ್ನೇ ಏರಿ 51.596 ಕಿ.ಮೀ. ಸಾಗಿದರು. ಇಟಲಿಯ ಫ್ರಾನ್ಸೆಸ್ಕೊ ಮೋಸರ್ 1984ರಲ್ಲಿ ಬರೆದಿದ್ದ ದಾಖಲೆ ಮುರಿಯಿತು. ಒಂದು ವಾರ ತುಂಬುವ ಮೊದಲೇ ಕ್ರಿಸ್ ಬೋರ್ಡ್‌ಮನ್ ಅದನ್ನೂ ಮೀರಿದರು. ಆದರೂ ಓಬ್ರಿಯ ಆ ಬೆಳಗು ಕಿರಿದಾಗುವುದಿಲ್ಲ. ಆ ಸೈಕಲ್ಲಿನ ಒಂದೊಂದು ಭಾಗವೂ ಹಾಗಿರಲು ಕಾರಣ, ಸವಾರಿಯಲ್ಲಿ ಅವರ ಮೈ ಅನುಭವಿಸಿ ಕೇಳಿದ ಒಂದೊಂದು ಪ್ರಶ್ನೆ.

ಬಿಚ್ಚುವುದರಲ್ಲೇ ಉಳಿದುಬಿಡುವವರಿಗೆ ತಪ್ಪಿಹೋಗುವುದು ಈ ಪ್ರಶ್ನೆಗಳೇ. ಹಗುರವಾದ ಸೀಟುಗಂಬ ಬರಲಿ, ಇನ್ನೂ ಒಳ್ಳೆಯ ಟೈರ್ ಸಿಗಲಿ, ಆಮೇಲೆ ಹೊರಡೋಣ ಎಂಬ ಕಾಯುವಿಕೆಗೆ ಕೊನೆಯಿಲ್ಲ. ಬ್ರೆವೆ ಎಂಬ ದೂರದ ಸವಾರಿಯಲ್ಲಿ 200 ಕಿ.ಮೀ. ಮುಗಿಸಲು 13 ಗಂಟೆ 30 ನಿಮಿಷದ ಗಡುವು ಇರುತ್ತದೆ. ಅಷ್ಟು ಹೊತ್ತು ಸೈಕಲ್ ಮೇಲಿದ್ದವರಿಗೆ ಹ್ಯಾಂಡಲ್ ಎಷ್ಟು ಎತ್ತರವಿರಬೇಕು, ಸೀಟು ಎಲ್ಲಿ ಒತ್ತುತ್ತದೆ, ಯಾವ ಗೇರು ಬೇಕು, ಯಾವುದು ಬೇಡ ಎಂಬುದು ಮೈಗೆ ತಿಳಿದಿರುತ್ತದೆ. ಮನೆಯಲ್ಲಿ ಕೂತು ಇದನ್ನು ಊಹಿಸಿದರೆ ದುಡ್ಡು ಖರ್ಚಾಗುತ್ತದೆ, ತಿಳಿವಳಿಕೆ ಬೆಳೆಯುವುದಿಲ್ಲ. ತಂಬೂರಿಯ ಶ್ರುತಿ ಕೂಡಿಸುವುದು ತಾನಾಗಿಯೇ ಒಂದು ಸುಖ, ನಿಜ. ಆದರೆ ಶ್ರುತಿ ಕೂಡಿಸುವುದು ಹಾಡಲಿಕ್ಕೆ.

ಬರೀ ತುಳಿಯುವವರಿಗೂ ಒಂದು ಮಾತು ಹೇಳಬೇಕು. ಬ್ರೇಕಿನ ಕಟ್ಟೆ ಸವೆದು ರಿಮ್ಮನ್ನು ಕೆರೆಯುತ್ತಿದ್ದರೂ, ಒಣಗಿದ ಚೈನು ಕಿರುಗುಟ್ಟುತ್ತಿದ್ದರೂ ಕಿವಿಗೆ ಹಾಕಿಕೊಳ್ಳದೆ ಹೋಗುವವರಿದ್ದಾರೆ. ಸೈಕಲ್ಲಿನಲ್ಲೇ ಬದುಕು ನಡೆಸಿದ ಹಾಲಿನವರು, ಪೋಸ್ಟ್‌ಮನ್ನರು, ಪೇಪರ್ ಹಾಕುವ ಹುಡುಗರು ಹಾಗೆ ಮಾಡುತ್ತಿರಲಿಲ್ಲ. ಬೆಳಿಗ್ಗೆ ಹೊರಡುವ ಮುಂಚೆ ಟೈರನ್ನು ಹೆಬ್ಬೆರಳಿನಿಂದ ಒತ್ತಿ ಗಾಳಿ ನೋಡುವುದು, ವಾರಕ್ಕೊಮ್ಮೆ ಎರಡು ಹನಿ ಎಣ್ಣೆ ಬಿಡುವುದು ಅವರಿಗೆ ಸವಾರಿಯದೇ ಒಂದು ಭಾಗವಾಗಿತ್ತು. ರಿಪೇರಿ ಬಲ್ಲವರು ದೂರದ ದಾರಿಗೆ ಧೈರ್ಯವಾಗಿ ಹೊರಡುತ್ತಾರೆ. ಪಂಕ್ಚರ್ ಹಾಕಲು ಬರುತ್ತದೆ ಎಂಬ ಒಂದೇ ವಿಶ್ವಾಸ ಎಷ್ಟೋ ಊರುಗಳನ್ನು ಹತ್ತಿರ ಮಾಡುತ್ತದೆ.

ಆಯುಧಪೂಜೆಯ ದಿನ ನಾವು ಸೈಕಲ್ಲನ್ನು ತೊಳೆದು, ಕುಂಕುಮವಿಟ್ಟು, ಹ್ಯಾಂಡಲ್ಲಿಗೆ ಚೆಂಡುಹೂವಿನ ಹಾರ ಹಾಕುತ್ತೇವೆ. ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತೇವೆ. ಅಲಂಕಾರ ಎಷ್ಟೇ ಚೆಂದವಾಗಿರಲಿ, ಗಾಡಿ ಮುಂದಕ್ಕೆ ಉರುಳಿ ಆ ನಿಂಬೆಹಣ್ಣು ಒಡೆದ ಮೇಲೆಯೇ ಪೂಜೆ ಮುಗಿಯುವುದು. ಚಕ್ರಕ್ಕೆ ಸಲ್ಲುವ ಗೌರವ ಅದು ಉರುಳಿದಾಗಲೇ ಪೂರ್ತಿಯಾಗುತ್ತದೆ ಎಂದು ತಿಳಿದವರು ಕಟ್ಟಿದ ಪದ್ಧತಿ ಇದು.

ಈ ಭಾನುವಾರವೂ ಬಿಚ್ಚಿ. ಬಾಲ್ಸ್ ತೊಳೆಯಿರಿ, ಗ್ರೀಸ್ ತುಂಬಿ, ಬೆಂಡ್ ತೆಗೆಯಿರಿ. ಪಕ್ಕದಲ್ಲಿ ಮಕ್ಕಳನ್ನು ಕೂರಿಸಿಕೊಂಡು ಯಾವ ನಟ್ಟು ಯಾಕೆ ಎಂದು ಹೇಳಿಕೊಡಿ. ಆದರೆ ಅದೇ ದಿನ, ಕತ್ತಲಾಗುವ ಮುಂಚೆ, ಜೋಡಿಸಿ ಹತ್ತಿ. ಕೆರೆ ಏರಿಯವರೆಗೋ, ಪಕ್ಕದ ಬಡಾವಣೆಯ ಸ್ನೇಹಿತರ ಮನೆಗೋ, ಮೊಸರಿನ ಅಂಗಡಿಗೋ ಹೋಗಿ ಬನ್ನಿ. ಏನಾದರೂ ಸದ್ದು ಬಂದರೆ ಬಹಳ ಒಳ್ಳೆಯದು: ಮುಂದಿನ ಭಾನುವಾರಕ್ಕೆ ನಿಜವಾದ ಕೆಲಸ ಸಿಕ್ಕಿತು.