ಸಿಂಪ್ಲಾನ್ ಸುರಂಗದಲ್ಲಿ

ಮಿಲಾನ್‌ನಿಂದ ಜಿನೀವಾಕ್ಕೆ ಹೋಗುವ ರೈಲು ದೊಮೊದೊಸ್ಸೊಲಾ ದಾಟಿದ ಮೇಲೆ ಸಿಂಪ್ಲಾನ್ ಸುರಂಗವನ್ನು ಹೊಗುತ್ತದೆ. 1906ರಲ್ಲಿ ತೆರೆದದ್ದು, ಉದ್ದ ಸುಮಾರು 20 ಕಿಲೋಮೀಟರ್. ಇಟಲಿ, ಸ್ವಿಟ್ಜರ್ಲೆಂಡ್‌ಗಳ ಗಡಿ ಇರುವುದು ಈ ಕತ್ತಲೆಯೊಳಗೇ.

ಆ ಸಂಜೆ ತುಂಬಿದ ಬೋಗಿಯಲ್ಲಿ ಸಮವಸ್ತ್ರದವರು ಕಾಗದಪತ್ರ ಕೇಳಿದ್ದು ಇಬ್ಬರನ್ನು ಮಾತ್ರ: ನನ್ನನ್ನು, ಎದುರು ಕೂತಿದ್ದ ಆಫ್ರಿಕಾದ ಹುಡುಗನನ್ನು. ನನ್ನ ವೀಸಾ ಸರಿಯಿತ್ತು. ಅವನ ಬಳಿ ಇದ್ದದ್ದು ಮಡಿಕೆಯಲ್ಲಿ ಸವೆದ ಒಂದು ಹಾಳೆ. ಬ್ರಿಗ್ ಸ್ಟೇಷನ್ನಿನಲ್ಲಿ ಅವನನ್ನು ಇಳಿಸಿಕೊಂಡು ಹೋದರು.

ಕೇಳಿದಾಗ ನನಗೆ ಅವಮಾನವಾಗಿತ್ತು. ಪಾಸ್‌ಪೋರ್ಟ್ ವಾಪಸು ಕೈಗೆ ಬಂದಾಗ ನಿರಾಳವಾಯಿತು. ಇಂದಿಗೂ ಕಾಡುವುದು ಆ ನಿರಾಳವೇ. ಮೈಬಣ್ಣ ನೋಡಿ ಕೇಳಿದರೆಂದು ಸಿಟ್ಟಾದವನು ಒಂದೇ ನಿಮಿಷದಲ್ಲಿ ಕೇಳಿದವರ ಪಕ್ಷ ಸೇರಿದ್ದೆ. ನಾನು ನಿಯಮ ಪಾಲಿಸಿದ್ದೇನೆ, ಅವನು ಪಾಲಿಸಿಲ್ಲ, ವಾದವೇನೋ ಸರಿ. ಗಡಿಯೇ ಬೇಡ ಎನ್ನುವಷ್ಟು ಮುಗ್ಧನೂ ನಾನಲ್ಲ. ಆದರೆ ಆ ವೀಸಾಕ್ಕಾಗಿ ನಾನು ಪಟ್ಟ ಕಷ್ಟವೇನು? ಆಫೀಸಿನವರು ಕೊಟ್ಟ ಪತ್ರ, ಬ್ಯಾಂಕ್ ಸ್ಟೇಟ್‌ಮೆಂಟ್, ಒಂದೆರಡು ಸಹಿ. ಅಂಥ ಪತ್ರ ಕೊಡುವವರು ಅವನಿಗೆ ಯಾರಿದ್ದರೋ.

ಈ ಸುರಂಗ ಕೊರೆದವರಲ್ಲಿ ಹೆಚ್ಚಿನವರು ಇಟಲಿಯ ಕೂಲಿಗಳು. ಬಂಡೆಯ ಶಾಖ 50 ಡಿಗ್ರಿ ದಾಟುತ್ತಿದ್ದ ಕಡೆ ದುಡಿದವರು. ಎಷ್ಟೋ ಜನ ಹೊಟ್ಟೆಪಾಡಿಗೆ ಗಡಿ ದಾಟಿ, ಬ್ರಿಗ್ ಪಕ್ಕದ ನಾಟರ್ಸ್‌ನಲ್ಲಿ ಬಿಡಾರ ಹೂಡಿದ್ದರು. ಇದನ್ನೆಲ್ಲ ಓದಿದ್ದು ಊರಿಗೆ ಮರಳಿದ ಮೇಲೆ.

ಹುಡುಗನನ್ನು ಬಿಡಿಸುವುದು ನನ್ನ ಕೈಲಿರಲಿಲ್ಲ. ನಮ್ಮಿಬ್ಬರನ್ನೇ ಏಕೆ ಕೇಳಿದಿರಿ ಎಂದು ಕೇಳಬಹುದಿತ್ತು. ಅವನು ಕೇಳುವಂತಿರಲಿಲ್ಲ, ಉಳಿದವರಿಗೆ ಆ ಪ್ರಶ್ನೆ ಹೊಳೆದಿರಲಿಕ್ಕಿಲ್ಲ. ವೀಸಾ ಸರಿಯಿದ್ದ ನಾನು ಕೇಳಬಹುದಿತ್ತು. ಕೇಳಲಿಲ್ಲ.