ಆಟಗಾರನಿಗೆ ಬೆಲೆ ಕಟ್ಟುವಾಗ

ಜನವರಿಯಲ್ಲಿ ವಯನಾಡಿನ ಕಲ್ಪೆಟ್ಟದ ನಮ್ಮ ಅಂಗಡಿಯಲ್ಲಿ ಎರಡು ವ್ಯಾಪಾರದ ಮಾತು ಒಟ್ಟೊಟ್ಟಿಗೆ ನಡೆಯುತ್ತದೆ. ನಮ್ಮದು ಮಲಂಚರಕ್ಕು ಅಂಗಡಿ. ಕಾಫಿ, ಕರಿಮೆಣಸು, ಶುಂಠಿ, ಅಡಿಕೆ ಕೊಳ್ಳುವುದು ಕೆಲಸ. ಒಣಗಿಸಿದ ಉಂಡೆ ಕಾಫಿ 54 ಕಿಲೋ ಲೆಕ್ಕದಲ್ಲಿ ತೂಕಕ್ಕೆ ಬರುವ ಹೊತ್ತಿಗೆ ಸರಿಯಾಗಿ ಕ್ಲಬ್ಬುಗಳು ಆಟಗಾರರನ್ನು ಕೊಂಡು ಮಾರುವ ಫುಟ್‌ಬಾಲಿನ ಟ್ರಾನ್ಸ್‌ಫರ್ ವಿಂಡೋವೂ ತೆರೆದಿರುತ್ತದೆ. ಚೀಲ ಇಳಿಸುವವರು, ಜೀಪಿನ ಡ್ರೈವರುಗಳು, ಕಾಲೇಜು ಬಿಟ್ಟು ಬರುವ ಹುಡುಗರು, ಎಲ್ಲರೂ ಕೇರಳ ಬ್ಲಾಸ್ಟರ್ಸ್ ಕ್ಲಬ್ಬಿನ ಅಭಿಮಾನಿಗಳು. ಬ್ಲಾಸ್ಟರ್ಸ್ ಹುಟ್ಟಿದ್ದು 2014ರಲ್ಲಿ. ಆ ವರ್ಷ, ಮತ್ತೆ 2016ರಲ್ಲಿ, ಮತ್ತೆ 2022ರಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫೈನಲ್ ತನಕ ಹೋಗಿ ಮೂರು ಸಲವೂ ಸೋತಿತು. ಇಷ್ಟು ಕಾದ ಜನಕ್ಕೆ ಪ್ರತಿ ವಿಂಡೋದಲ್ಲೂ ಹೊಸ ಆಸೆ. ಯಾರನ್ನು ತರಬೇಕು, ಯಾರನ್ನು ಬಿಡಬೇಕು ಎಂಬ ವಾದ ಬೆಳಿಗ್ಗೆ ಶುರುವಾದರೆ ಅಂಗಡಿ ಬಾಗಿಲು ಹಾಕುವವರೆಗೂ ಮುಗಿಯುವುದಿಲ್ಲ.

“ಒಬ್ಬ ಗಟ್ಟಿ ಸ್ಟಾಪರ್ ಬ್ಯಾಕ್ ಬೇಕು. ಮಿಕ್ಕಿದ್ದೆಲ್ಲ ಆಮೇಲೆ.”

“ಸ್ಟಾಪರ್ ಯಾಕೆ? ಗೋಲು ಹೊಡೆಯುವವನನ್ನು ಬಿಟ್ಟುಕೊಟ್ಟು ಕೂತಿದ್ದೇವೆ. ಮೊದಲು ಅವನ ಜಾಗಕ್ಕೆ ಒಬ್ಬನನ್ನು ಕೊಳ್ಳಲಿ.”

“ಆ ವಿಂಗಿನವನಿಗೆ ವಯಸ್ಸಾಯಿತು. ಈಗಲೇ ಮಾರಿದರೆ ನಾಲ್ಕು ಕಾಸು ಬಂದೀತು. ಮುಂದಿನ ವರ್ಷ ಅದೂ ಇಲ್ಲ.”

ಈ ಮೂರನೆಯ ಮಾತು ನನ್ನನ್ನು ಬಹಳ ದಿನದಿಂದ ಕಾಡುತ್ತಿದೆ. ಆಡಿದವನು ಒಳ್ಳೆಯ ಹುಡುಗ. ಅವನ ಮನಸ್ಸಿನಲ್ಲಿ ಕೆಡುಕಿಲ್ಲ. ಆದರೂ, ಮನುಷ್ಯನನ್ನು ಕುರಿತು ಹೀಗೆ ಲೆಕ್ಕ ಹಾಕುವುದು ಧರ್ಮವೇ? ನಮ್ಮ ಸಂತೋಷಕ್ಕಾಗಿ ಓಡಿ ಬೆವರು ಸುರಿಸಿದವನು ಯಾವ ಅರ್ಥದಲ್ಲಿ ನಮ್ಮವನು?

ನಾವು ವಯನಾಡಿನ ಜೈನರು. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮಲಯಾಳ. ಇಂದಿನ ಸುಲ್ತಾನ್ ಬತ್ತೇರಿಗೆ ಹಿಂದೆ ನಮ್ಮ ಜನ ಹನ್ನೆರಡು ಬೀದಿ ಎನ್ನುತ್ತಿದ್ದರು. ಅಲ್ಲಿಯ ಕಲ್ಲು ಬಸದಿ ಇಂದಿಗೂ ಇದೆ. ಕಲ್ಪೆಟ್ಟದ ಹತ್ತಿರ ಪುಳಿಯಾರ್‌ಮಲದಲ್ಲಿ ಅನಂತನಾಥ ಸ್ವಾಮಿಯ ಬಸದಿ ಇದೆ. ಕಲ್ಪೆಟ್ಟದ ಜಿಲ್ಲಾ ಸ್ಟೇಡಿಯಂಗೆ ಇಟ್ಟಿರುವುದು ನಮ್ಮವರೇ ಆದ ಎಂ.ಕೆ. ಜಿನಚಂದ್ರನ್ ಅವರ ಹೆಸರು. ಬಸದಿಯಲ್ಲಿ ಕೇಳಿದ್ದನ್ನೂ ಸ್ಟೇಡಿಯಂನಲ್ಲಿ ಕಂಡದ್ದನ್ನೂ ಬೇರೆ ಬೇರೆ ಗಂಟು ಕಟ್ಟಿಡಲು ನನಗೆ ಬರುವುದಿಲ್ಲ.

ಬೆಲೆ ಕಟ್ಟುವುದು ನನ್ನ ಕಸುಬು. ಮೆಣಸು ಬಂದಾಗ ಚೀಲದೊಳಕ್ಕೆ ಮೊಣಕೈ ತನಕ ಕೈ ಹಾಕಿ ತಳದ ಮಾಲು ತೆಗೆಯುತ್ತೇನೆ. ಅಂಗೈಯಲ್ಲಿ ಉಜ್ಜಿ ಊದಿದರೆ ಜೊಳ್ಳು ಹಾರಬೇಕು. ಒಂದು ಕಾಳು ಕಚ್ಚಿದರೆ ಟಕ್ಕೆಂದು ಒಡೆಯಬೇಕು. ಮೆತ್ತಗಾದರೆ ತೇವ ಇದೆ ಎಂದು ಅರ್ಥ. ಆಮೇಲೆ ಲೀಟರ್ ತೂಕ. 500 ಗ್ರಾಮಿಗಿಂತ ಮೇಲೆ ನಿಂತರೆ ಮಾಲು ಗಟ್ಟಿ. ಅಂಗಡಿಯ ಹುಡುಗರು ಆಟಗಾರನನ್ನು ಅಳೆಯುವುದೂ ಹೀಗೆಯೇ. ವಯಸ್ಸೆಷ್ಟು, ಮೊಣಕಾಲು ಹೇಗಿದೆ, ಹಿಂದಿನ ಸೀಸನ್‌ನಲ್ಲಿ ಗೋಲೆಷ್ಟು. ಆದರೆ ಮೆಣಸಿಗೆ ಯಾವ ಊರಿಗೆ ಹೋಗಬೇಕೆಂಬ ಇಷ್ಟ ಇರುವುದಿಲ್ಲ. ಮನೆ ಇಲ್ಲ, ಮಗಳಿಲ್ಲ, ನೋವಿಲ್ಲ.

2015ರ ಜುಲೈಯಲ್ಲಿ ಐಎಸ್‌ಎಲ್‌ನವರು ಮುಂಬೈಯಲ್ಲಿ ಹತ್ತು ಭಾರತೀಯ ಆಟಗಾರರನ್ನು ಹರಾಜಿಗಿಟ್ಟರು. ಸುನಿಲ್ ಛೆಟ್ರಿ 1.20 ಕೋಟಿ ರೂಪಾಯಿಗೆ ಮುಂಬೈ ಸಿಟಿಗೆ ಹೋದರು. ಪತ್ರಿಕೆಗಳೆಲ್ಲ ಸಂಭ್ರಮದಿಂದ ಬರೆದವು. 2023ರ ಜುಲೈಯಲ್ಲಿ ಸಹಲ್ ಅಬ್ದುಲ್ ಸಮದ್ ಬ್ಲಾಸ್ಟರ್ಸ್ ಬಿಟ್ಟು ಮೋಹನ್ ಬಗಾನ್‌ಗೆ ಹೋದಾಗ ಅತ್ತಲಿಂದ ಪ್ರೀತಂ ಕೋಟಾಲ್ ಇತ್ತ ಬಂದರು, ಮೇಲೆ ಒಂದಿಷ್ಟು ಹಣ. ಸಹಲ್ ಕಣ್ಣೂರಿನ ಮನೆತನದ ಹುಡುಗ, 2017ರಿಂದ ಹಳದಿ ಜೆರ್ಸಿಯಲ್ಲೇ ಬೆಳೆದವನು. ನಮ್ಮಲ್ಲಿ ಕೆಲವರಿಗೆ ಅಂದು ಊಟ ಸೇರಲಿಲ್ಲ. ಇನ್ನು ಕೆಲವರು “ಲಾಭದ ವ್ಯಾಪಾರ” ಎಂದರು. ಇನ್ನೂ ಕೆಲವರು ಸಹಲ್‌ನನ್ನೇ ದೂರಿದರು.

ಬೆಂಗಳೂರಿನಲ್ಲಿ ಓದುವ ನನ್ನ ತಮ್ಮನ ಮಗ ಬೆಂಗಳೂರು ಎಫ್‌ಸಿಯ ಕಡೆ. ರಜೆಗೆ ಬಂದಾಗ ಅವನ ಮುಂದೆ ಈ ವಿಷಯ ಎತ್ತಿದೆ. ಅವನು ನೇರವಾಗಿ ಕೇಳಿದ: “ದೊಡ್ಡಪ್ಪ, ಅವರು ತಾವೇ ಒಪ್ಪಿ ಸಹಿ ಹಾಕ್ತಾರೆ, ಸಂಬಳ ತಗೋತಾರೆ. ಇದ್ರಲ್ಲಿ ಪಾಪ ಎಲ್ಲಿ ಬಂತು?”

ಸುಲಭಕ್ಕೆ ತಳ್ಳಿಹಾಕುವ ಪ್ರಶ್ನೆಯಲ್ಲ ಅದು. ನಾನು ಶಾಸ್ತ್ರದ ಕಡೆಗೆ ತಿರುಗಿದೆ.

12ನೆಯ ಶತಮಾನದ ಹೇಮಚಂದ್ರಾಚಾರ್ಯರ ಯೋಗಶಾಸ್ತ್ರದಲ್ಲಿ ಶ್ರಾವಕ, ಅಂದರೆ ಗೃಹಸ್ಥ ಜೈನ, ಮಾಡಬಾರದ ಹದಿನೈದು ಬಗೆಯ ಕಸುಬುಗಳ ಪಟ್ಟಿ ಇದೆ. ಅದರಲ್ಲಿ ಒಂದು ಕೇಶವಾಣಿಜ್ಯ, ಅಂದರೆ ದಾಸದಾಸಿಯರನ್ನೂ ಪಶುಗಳನ್ನೂ ಮಾರುವ ವ್ಯಾಪಾರ. ಆಚಾರ್ಯರು ಶ್ವೇತಾಂಬರರು, ನಾವು ದಿಗಂಬರರು. ಆದರೂ ಈ ನಿಷೇಧವನ್ನು ನಾನು ತಲೆಬಾಗಿ ಒಪ್ಪುತ್ತೇನೆ. ಇದರ ಎದುರಿಗೆ ಇನ್ನೊಂದು ಸಂಗತಿಯೂ ಇದೆ, ಅದನ್ನು ಮುಚ್ಚಿಡಬಾರದು. ಎರಡೂ ಪಂಥದವರು ಮಾನ್ಯ ಮಾಡುವ ತತ್ತ್ವಾರ್ಥಸೂತ್ರ ಗೃಹಸ್ಥನಿಗೆ ಪರಿಗ್ರಹದ, ಅಂದರೆ ಸೊತ್ತು ಇಟ್ಟುಕೊಳ್ಳುವುದರ, ಮಿತಿ ಹೇಳುವಾಗ ಹೊಲ, ಮನೆ, ಬೆಳ್ಳಿ, ಬಂಗಾರ, ಧಾನ್ಯಗಳ ಜೊತೆಗೆ ದಾಸದಾಸಿಯರನ್ನೂ ಎಣಿಸುತ್ತದೆ. ಮಿತಿ ಮೀರಬೇಡ ಎನ್ನುತ್ತದೆಯೇ ಹೊರತು ಮನುಷ್ಯ ಆ ಸಾಲಿಗೆ ಸೇರುವವನೇ ಅಲ್ಲ ಎನ್ನುವುದಿಲ್ಲ. ಇರುವೆಯ ಜೀವಕ್ಕೂ ಮರುಗಿದ ಧರ್ಮದ ಗ್ರಂಥದಲ್ಲೇ ಹೀಗಿದೆ ಎಂದರೆ, ಮನುಷ್ಯನನ್ನು ಸೊತ್ತೆಂದು ಕಾಣುವ ಅಭ್ಯಾಸ ಎಷ್ಟು ಆಳದ್ದೆಂದು ಯೋಚಿಸಬೇಕು.

ವಯನಾಡಿನಲ್ಲಿ ಇದನ್ನು ತಿಳಿಯಲು ಗ್ರಂಥವೂ ಬೇಡ. ಮಾನಂದವಾಡಿಯ ಹತ್ತಿರ ಕಬಿನಿಯ ದಡದಲ್ಲಿ ವಳ್ಳಿಯೂರ್‌ಕಾವು ಭಗವತಿಯ ಗುಡಿ ಇದೆ. ಮೀನ ಮಾಸದಲ್ಲಿ ಹದಿನಾಲ್ಕು ದಿನ ಉತ್ಸವ. ಈ ಉತ್ಸವದಲ್ಲೇ ಹಿಂದೆ ಜಮೀನ್ದಾರರು ಪಣಿಯ, ಅಡಿಯ ಬುಡಕಟ್ಟುಗಳವರನ್ನು ವರ್ಷದ ದುಡಿಮೆಗೆ ಗೊತ್ತು ಮಾಡಿಕೊಳ್ಳುತ್ತಿದ್ದರು. ಕೈಗೆ ನಿಪ್ಪುಪಣಂ ಎಂಬ ಒಂದಿಷ್ಟು ಮುಂಗಡ ಇಟ್ಟರೆ ಮುಂದಿನ ಉತ್ಸವದವರೆಗೆ ಆ ಆಳು ಆ ಗದ್ದೆಯವನು. ದೇವಿಯ ಎದುರು ಆದ ಕರಾರು, ಮುರಿದರೆ ಕೇಡೆಂಬ ಹೆದರಿಕೆ. ಗದ್ದೆ ಇದ್ದ ಯಾವ ಸಮುದಾಯವೂ ಈ ಲೆಕ್ಕದಿಂದ ಹೊರಗಿರಲಿಲ್ಲ, ನಮ್ಮದೂ ಸೇರಿ. ಜೀತವನ್ನು ಕಾನೂನು ತೆಗೆದುಹಾಕಿದ್ದು 1976ರಲ್ಲಿ. ಪಣಿಯರ ಕರಾರಿನಲ್ಲೂ ಮುಂಗಡ ಇತ್ತು, ಅವಧಿ ಇತ್ತು, ಹೆಸರಿಗೆ ಒಪ್ಪಿಗೆಯೂ ಇತ್ತು. ಹಾಗಾಗಿ “ಅವರೇ ಒಪ್ಪಿದ್ದಾರೆ” ಎಂಬ ಒಂದೇ ಮಾತಿನಿಂದ ನನಗೆ ಸಮಾಧಾನವಾಗುವುದಿಲ್ಲ. ಅವಧಿ ಮುಗಿದ ಮೇಲೆ ಅವನು ಎದ್ದು ಹೋಗಬಹುದೇ? ಹೋಗಲು ಇನ್ನೊಂದು ಜಾಗ ಇದೆಯೇ? ನನಗೆ ಇದೇ ಒರೆಗಲ್ಲು.

ಫುಟ್‌ಬಾಲಿನಲ್ಲೂ ಬಹಳ ಕಾಲ ಹೀಗೆ ಎದ್ದು ಹೋಗುವಂತಿರಲಿಲ್ಲ. ಇಂಗ್ಲೆಂಡಿನಲ್ಲಿ ಕರಾರು ಮುಗಿದರೂ ಕ್ಲಬ್ಬು ಆಟಗಾರನನ್ನು ಹಿಡಿದಿಟ್ಟುಕೊಳ್ಳಬಹುದಿತ್ತು. ಅವನಿಗೆ ಬೇರೆಡೆ ಆಡುವ ಹಕ್ಕಿರಲಿಲ್ಲ. 1960ರಲ್ಲಿ ನ್ಯೂಕಾಸಲ್ ಕ್ಲಬ್ಬಿನ ಜಾರ್ಜ್ ಈಸ್ಟ್‌ಹ್ಯಾಮ್ ಇದನ್ನು ಧಿಕ್ಕರಿಸಿ ಆಡುವುದನ್ನೇ ನಿಲ್ಲಿಸಿದ. 1963ರಲ್ಲಿ ಲಂಡನ್ನಿನ ನ್ಯಾಯಾಲಯ ಆ ಕಟ್ಟುಪಾಡು ಅನ್ಯಾಯವೆಂದು ತೀರ್ಪು ಕೊಟ್ಟಿತು. ತೀರ್ಪು ಕೊಟ್ಟವರು ನ್ಯಾಯಮೂರ್ತಿ ವಿಲ್ಬರ್‌ಫೋರ್ಸ್. ಬ್ರಿಟನ್ನಿನ ಗುಲಾಮರ ವ್ಯಾಪಾರ ನಿಲ್ಲಿಸಲು ಬದುಕು ಸವೆಸಿದ ವಿಲಿಯಂ ವಿಲ್ಬರ್‌ಫೋರ್ಸ್‌ನ ವಂಶದವರು. ಇದನ್ನು ಓದಿದ ದಿನ ನನಗೆ ಮೈ ಜುಮ್ಮೆಂದಿತು. ಬೆಲ್ಜಿಯಂನ ಜಾನ್ ಮಾರ್ಕ್ ಬೋಸ್ಮಾನ್ ಕರಾರು ಮುಗಿದ ಮೇಲೂ ಬಿಡುಗಡೆ ಸಿಗದೆ ಐದು ವರ್ಷ ಕೋರ್ಟು ಅಲೆದ. 1995ರ ಡಿಸೆಂಬರ್ 15ರಂದು ಯುರೋಪಿನ ನ್ಯಾಯಾಲಯ ಅವನ ಪರ ನಿಂತಿತು. ಇಂದು ನಮ್ಮ ಹುಡುಗರು “ಫ್ರೀ ಟ್ರಾನ್ಸ್‌ಫರ್‌ನಲ್ಲಿ ಸಿಗುತ್ತಾನೆ, ಬಿಡಬಾರದು” ಎಂದು ಖುಷಿಪಡುವಾಗ ಆ ಸ್ವಾತಂತ್ರ್ಯಕ್ಕಾಗಿ ತನ್ನ ಆಟದ ಬದುಕನ್ನೇ ಕಳೆದುಕೊಂಡವನು ಒಬ್ಬನಿದ್ದ ಎಂಬುದನ್ನು ತಿಳಿದಿರಬೇಕು.

ಹಾಗಾದರೆ ತಮ್ಮನ ಮಗನ ವಾದ ಬಹುಪಾಲು ಸರಿ. ಇಂದಿನ ಕ್ಲಬ್ಬು ಕೊಳ್ಳುವುದು ಒಬ್ಬನ ಕೆಲವು ವರ್ಷದ ಆಟವನ್ನು, ಅವನನ್ನಲ್ಲ. ಇದನ್ನು ಕೇಶವಾಣಿಜ್ಯ ಎಂದರೆ ವಳ್ಳಿಯೂರ್‌ಕಾವಿನಲ್ಲಿ ನಿಂತವರ ಸಂಕಟಕ್ಕೆ ಅವಮಾನ ಮಾಡಿದಂತೆ.

ನಮ್ಮಲ್ಲಿ ಚೀಲ ಇಳಿಸುವ ಪನಮರಂ ಕಡೆಯ ಪಣಿಯ ಹುಡುಗನೊಬ್ಬ ಇದನ್ನೇ ಇನ್ನೊಂದು ಕಡೆಯಿಂದ ಹೇಳಿದ. ಅವನು ರಾತ್ರಿ ಸೆವೆನ್ಸ್, ಅಂದರೆ ಏಳೇಳು ಜನರ ಫುಟ್‌ಬಾಲ್, ಆಡುತ್ತಾನೆ. ಗದ್ದೆ ಕೊಯ್ದ ಮೇಲಿನ ಮೈದಾನ, ದೊಡ್ಡ ದೀಪ, ಬಿದಿರಿನ ಗ್ಯಾಲರಿ. ಪಂದ್ಯಕ್ಕಿಷ್ಟೆಂದು ಕೈಗೆ ಕೊಡುತ್ತಾರೆ, ಮೂಳೆ ಮುರಿದರೆ ಅವನೇ ನೋಡಿಕೊಳ್ಳಬೇಕು. ನನ್ನ ಮಾತೆಲ್ಲ ಕೇಳಿಸಿಕೊಂಡು ಅವನೆಂದ: “ಗೌಡರೇ, ನನ್ನ ಅಜ್ಜಿ ಕಾವಿನ ಕಥೆ ಹೇಳಿದ್ದಾಳೆ, ಗೊತ್ತು. ಆದರೆ ನನಗೆ ಯಾವ ಕ್ಲಬ್ಬಾದರೂ ಒಂದು ಬೆಲೆ ಹೇಳಲಿ ಅಂತಲೇ ಆಸೆ. ಯಾರೂ ಈ ಕಡೆ ನೋಡಲಿಕ್ಕೇ ಬರುವುದಿಲ್ಲ.”

ಅವನ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಅಂಬಲವಯಲ್‌ನ ಸುಶಾಂತ್ ಮ್ಯಾಥ್ಯೂ ಬ್ಲಾಸ್ಟರ್ಸ್ ಪರ 2014ರ ಡಿಸೆಂಬರ್‌ನಲ್ಲಿ ಕೊಚ್ಚಿಯ ಸೆಮಿಫೈನಲ್‌ನಲ್ಲಿ ಚೆನ್ನೈಯಿನ್ ವಿರುದ್ಧ ದೂರದಿಂದ ಹೊಡೆದ ಗೋಲು ಈ ಹುಡುಗನಿಗೆ ಬಾಯಿಪಾಠ. ನಮ್ಮ ಜಿಲ್ಲೆಯವನೊಬ್ಬ ಅಲ್ಲಿ ತನಕ ಹೋದ ಎಂಬುದೇ ಅವನ ಬಲ.

ಪಾಪ ಟ್ರಾನ್ಸ್‌ಫರ್‌ನಲ್ಲಿ ಇಲ್ಲವೆಂದರೆ ಮತ್ತೆಲ್ಲಿ? ನನ್ನ ತಿಳಿವಳಿಕೆಯ ಮಟ್ಟಿಗೆ ಅದು ನೋಡುವವರಲ್ಲಿದೆ. ಜೈನ ದರ್ಶನ ಪರಿಗ್ರಹವನ್ನು ವಸ್ತುವಿನಲ್ಲಿ ಹುಡುಕುವುದಿಲ್ಲ, ಮೂರ್ಛೆಯಲ್ಲಿ ಹುಡುಕುತ್ತದೆ. ನನ್ನದು ಎಂದು ಮನಸ್ಸು ಅಂಟಿಕೊಂಡು ಮೈಮರೆಯುವುದೇ ಮೂರ್ಛೆ. ಕ್ಲಬ್ಬಿನ ಮಾಲೀಕನ ಕೈಯಲ್ಲಾದರೂ ಒಂದು ಕರಾರು ಪತ್ರವಿದೆ, ಅದಕ್ಕೊಂದು ಕೊನೆಯ ದಿನಾಂಕವಿದೆ. ನಮ್ಮ ಕೈಯಲ್ಲಿ ಏನೂ ಇಲ್ಲ. ಸಹಲ್‌ಗೆ ನಾವು ಒಂದು ರೂಪಾಯಿ ಸಂಬಳ ಕೊಟ್ಟವರಲ್ಲ. ಆದರೂ ಅವನು ಹೋದಾಗ ನಮ್ಮ ಸೊತ್ತು ಕಳವಾದಂತೆ ಸಿಟ್ಟುಗೊಂಡೆವು. ಸಂದೇಶ್ ಜಿಂಗನ್ 2020ರಲ್ಲಿ ಬ್ಲಾಸ್ಟರ್ಸ್ ಬಿಟ್ಟು ಹೋದಾಗ ಕ್ಲಬ್ಬು ಅವರ 21ನೆಯ ನಂಬರಿನ ಜೆರ್ಸಿಯನ್ನು ಗೌರವದಿಂದ ತೆಗೆದಿಟ್ಟಿತು. ಅವರು ಕೊಲ್ಕತ್ತದ ತಂಡ ಸೇರಿದ ಮೇಲೆ, ಅವರನ್ನು ಹೊಗಳುತ್ತಿದ್ದ ನಮ್ಮ ಬಾಯಿಗಳೇ ಬೈಗುಳ ಶುರು ಮಾಡಿದವು. ಕರಾರಿಲ್ಲದ ಈ ಒಡೆತನಕ್ಕೆ ಮಿತಿಯೂ ಇಲ್ಲ, ಅವಧಿಯೂ ಇಲ್ಲ. ಬಿಟ್ಟುಕೊಡಲು ಒಪ್ಪದ ಪ್ರೀತಿ ಹಿಂಸೆಯಾಗಿ ತಿರುಗುತ್ತದೆ.

ಇನ್ನೊಂದು ದೋಷವನ್ನು ತತ್ತ್ವಾರ್ಥಸೂತ್ರವೇ ಹೆಸರಿಸುತ್ತದೆ. ಅಹಿಂಸಾವ್ರತಕ್ಕೆ ಭಂಗ ತರುವ ಅತಿಚಾರಗಳಲ್ಲಿ ಒಂದು, ಹೊರಲಾರದ ಹೊರೆ ಹೊರಿಸುವುದು. ಎತ್ತು, ಆಳುಗಳ ಕಾಲದ ಮಾತು. ಆದರೂ ಏಡ್ರಿಯನ್ ಲೂನಾ ನೆನಪಾದಾಗಲೆಲ್ಲ ಅದು ಇಂದಿನದೇ ಎನಿಸುತ್ತದೆ. ಉರುಗ್ವೆಯ ಈ ಆಟಗಾರ 2021ರಲ್ಲಿ ಬ್ಲಾಸ್ಟರ್ಸ್‌ಗೆ ಬಂದರು. 2022ರ ಏಪ್ರಿಲ್‌ನಲ್ಲಿ ಅವರ ಆರು ವರ್ಷದ ಮಗಳು ಜೂಲಿಯೆಟಾ ಕಾಯಿಲೆಯಿಂದ ತೀರಿಕೊಂಡಳು. ಅಕ್ಟೋಬರ್ 7ರಂದು ಕೊಚ್ಚಿಯಲ್ಲಿ ಈಸ್ಟ್ ಬೆಂಗಾಲ್ ಎದುರು ಸೀಸನ್‌ನ ಮೊದಲ ಗೋಲು ಹೊಡೆದು ಅದನ್ನು ಮಗಳಿಗೆ ಅರ್ಪಿಸಿ ಅತ್ತರು. ಟಿ.ವಿ.ಯ ಮುಂದೆ ಕೂತ ನಾವೂ ಅತ್ತೆವು. ಆಮೇಲಿನ ವಿಂಡೋಗಳಲ್ಲಿ ಅವರ ಮೊಣಕಾಲು, ವಯಸ್ಸು, ಅವರ ಜಾಗಕ್ಕೆ ಬರಬೇಕಾದವರು, ಎಲ್ಲವೂ ಚರ್ಚೆಗೆ ಬಂದವು. ಚರ್ಚೆ ತಪ್ಪಲ್ಲ, ಆಟಕ್ಕೆ ಕಾಲು ಬೇಕೇ ಬೇಕು. ಆದರೆ ಸತ್ತ ಮಗುವಿನ ತಂದೆಯ ಮೇಲೆ ನಮ್ಮ ಕಪ್ಪಿನ ಹಂಬಲವನ್ನೆಲ್ಲ ಹೊರಿಸಿ, ಅವನು ಕುಂಟಿದ ದಿನ ಹೀಯಾಳಿಸುವುದು ತಪ್ಪು. ಅದನ್ನು ಬೇರೆ ಯಾವ ಹೆಸರಿನಿಂದಲೂ ನಾನು ಕರೆಯಲಾರೆ.

ನಾವು ಹೊರಿಸಿದ್ದಷ್ಟೇ ಅಲ್ಲ, ಅವರು ತಾವಾಗಿ ಹೊತ್ತದ್ದೂ ಇದೆ. 2024ರ ಜುಲೈ 30ರ ನಸುಕಿನಲ್ಲಿ ನಮ್ಮ ವಯನಾಡಿನ ಮುಂಡಕ್ಕೈ, ಚೂರಲ್‌ಮಲಗಳ ಮೇಲೆ ಗುಡ್ಡ ಕುಸಿಯಿತು. ಆ ವಾರ ಇಲ್ಲಿ ಯಾರಿಗೂ ಫುಟ್‌ಬಾಲ್ ನೆನಪಿರಲಿಲ್ಲ. ಆಗಸ್ಟ್ 1ರಂದು ಕೊಲ್ಕತ್ತದಲ್ಲಿ ಡ್ಯುರಾಂಡ್ ಕಪ್ ಪಂದ್ಯ. ಬ್ಲಾಸ್ಟರ್ಸ್ ಆಟಗಾರರು ತೋಳಿಗೆ ಕಪ್ಪು ಪಟ್ಟಿ ಕಟ್ಟಿ ಮುಂಬೈ ಸಿಟಿಯನ್ನು 8-0ಯಿಂದ ಸೋಲಿಸಿ ಗೆಲುವನ್ನು ವಯನಾಡಿಗೆ ಅರ್ಪಿಸಿದರು. ಮೂರು ಗೋಲು ಮೊರಾಕ್ಕೊದ ನೋವಾ ಸದಾವಿಯದು, ಮೂರು ಘಾನಾದ ಕ್ವಾಮೆ ಪೆಪ್ರಾ ಅವರದು. ನೋವಾ ಆ ಬೇಸಿಗೆಯಲ್ಲಷ್ಟೇ ಗೋವಾದಿಂದ ಬಂದಿದ್ದವರು. ಅವರನ್ನು ತಂದದ್ದು ಸರಿಯೋ ತಪ್ಪೋ ಎಂದು ನಮ್ಮ ಅಂಗಡಿಯಲ್ಲಿ ದಿನಗಟ್ಟಲೆ ವಾದ ನಡೆದಿತ್ತು. ನಮ್ಮ ಕಣಿವೆಯನ್ನು ಕಂಡಿರದ ಆ ಮನುಷ್ಯ ನಮ್ಮ ಸಾವಿಗೆ ಕಪ್ಪು ಪಟ್ಟಿ ಕಟ್ಟಿದ್ದ. ಇದು ಯಾವ ಕರಾರಿನಲ್ಲೂ ಬರೆದಿರಲಿಲ್ಲ.

ಆದ್ದರಿಂದ ಓದುಗರಲ್ಲಿ, ಮುಖ್ಯವಾಗಿ ನಮ್ಮಂತೆ ಬ್ಲಾಸ್ಟರ್ಸ್‌ನ ಹಳದಿ ಜೆರ್ಸಿಗೋ ಬೆಂಗಳೂರಿನ ನೀಲಿ ಜೆರ್ಸಿಗೋ ಪ್ರಾಣ ಬಿಡುವ ಗಡಿಭಾಗದ ಗೆಳೆಯರಲ್ಲಿ ನನ್ನ ವಿನಂತಿ: ಮುಂದಿನ ವಿಂಡೋ ತೆರೆದಾಗ ಸ್ಟಾಪರ್ ಬೇಕೋ ಸ್ಟ್ರೈಕರ್ ಬೇಕೋ ಎಂದು ಮನಸಾರೆ ವಾದ ಮಾಡಿ. ಬಿಟ್ಟು ಹೋಗುವವನನ್ನು ಬೈಯದೆ ಕಳಿಸಿಕೊಡಿ. ಕೊಚ್ಚಿ, ಬೆಂಗಳೂರುಗಳ ಪಂದ್ಯವನ್ನಷ್ಟೇ ನೋಡದೆ, ಕಲ್ಪೆಟ್ಟದ ಜಿನಚಂದ್ರನ್ ಸ್ಟೇಡಿಯಂನಲ್ಲಿ ಜಿಲ್ಲೆಯ ಹುಡುಗರು ಆಡುವ ದಿನವೂ ಬಂದು ಕೂರಿ. ಟ್ರಯಲ್ಸ್‌ಗೆ ಹೋಗಬೇಕಾದ ಒಬ್ಬ ಪಣಿಯ ಹುಡುಗನಿಗೆ ಒಂದು ಜೊತೆ ಬೂಟನ್ನೂ ಹೋಗಿಬರುವ ಬಸ್ಸಿನ ಖರ್ಚನ್ನೂ ಕೊಡಿ. ಹಿಂದಿರುಗಿಸೆಂದು ಕೇಳಬೇಡಿ.